ತೆರಕಣಾಂಬಿಯಲ್ಲಿ ನಿಲ್ಲುವ ರೈಲು

ನಮ್ಮ ಅಪ್ಪನಿಗೆ ಟೈರಿರುವ ಯಾವ ಗಾಡಿಯೂ ಆಗಿಬರುವುದಿಲ್ಲ. ಬಸ್ಸಾಗಲಿ, ಕಾರಾಗಲಿ, ಆಟೋ ಆಗಲಿ, ಹತ್ತಿ ಊರಾಚೆಯ ಪೆಟ್ರೋಲ್ ಬಂಕ್ ದಾಟುವಷ್ಟರಲ್ಲಿ ಮುಖ ಬಿಳಿಚಿಕೊಂಡು ಕಿಟಕಿ ಹುಡುಕುತ್ತಾರೆ. ಅದೇ ಮನುಷ್ಯ ರೈಲಿನಲ್ಲಾದರೆ ಬಾಗಿಲ ಬಳಿ ನಿಂತು ಕಡಲೆಕಾಯಿ ಬಿಡಿಸಿಕೊಂಡು ತಿನ್ನುತ್ತಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ಚಾಮರಾಜನಗರ ಸ್ಟೇಷನ್ನಿನಲ್ಲಿ ಕಾಲವೆಲ್ಲ ಬಾವುಟ ತೋರಿಸಿ ನಿವೃತ್ತರಾದ ಶಾಂತಮಲ್ಲಪ್ಪನವರು ಎಂದರೆ ಇವರೇ. ಇಂಥವರು ತಮ್ಮ ಒಬ್ಬಳೇ ಮಗಳನ್ನು, ಎಂದರೆ ರೂಪಶ್ರೀ ಎಂಬ ನನ್ನನ್ನು, ಹುಡುಕಿ ಹುಡುಕಿ ರೈಲೇ ಇಲ್ಲದ ಗುಂಡ್ಲುಪೇಟೆಗೆ ಕೊಟ್ಟರು.

ಮಾತುಕತೆಗೆ ಬಂದಿದ್ದ ಬೀಗರು ಧೈರ್ಯ ಹೇಳಿದ್ದರಂತೆ, ಇವತ್ತಲ್ಲ ನಾಳೆ ನಮ್ಮೂರಿಗೂ ರೈಲು ಬಂದೇ ಬರುತ್ತದೆ ಎಂದು. ನಮ್ಮಪ್ಪ ನಂಬಿದರು. ರೈಲು ಎಂದರೆ ಅವರು ಏನನ್ನಾದರೂ ನಂಬುತ್ತಾರೆ. ನನ್ನ ಮಗಳು ಹುಟ್ಟಿ, ನಡೆದು, ಸ್ಕೂಲಿಗೂ ಸೇರಿದಳು. ರೈಲು ಮಾತ್ರ ಇನ್ನೂ ಬಂದಿಲ್ಲ.

ಮದುವೆಯಾದ ಮೇಲೆ ಅಪ್ಪ ಗುಂಡ್ಲುಪೇಟೆಗೆ ಬಂದದ್ದು ಎರಡೇ ಸಲ. ಎರಡು ಸಲವೂ ಅವರು ನಮ್ಮ ಮನೆಯಲ್ಲಿ ಸರಿಯಾಗಿ ನೋಡಿದ್ದು ಬಚ್ಚಲುಮನೆಯೊಂದನ್ನೇ. ಮೊದಲನೆಯ ಸಲ, ಬೀಗರ ಔತಣದ ದಿನ, ಕಾರಿನಿಂದ ಇಳಿದವರನ್ನು ನಮ್ಮ ಮಾವ ಕೈಹಿಡಿದು ಬರಮಾಡಿಕೊಳ್ಳಲು ಹೋದಾಗ ಅಪ್ಪ ಅವರ ಹೊಸ ಶಲ್ಯದ ಮೇಲೆಯೇ ವಾಂತಿ ಮಾಡಿಬಿಟ್ಟರು. ನಮ್ಮ ಮಾವ ಒಳ್ಳೆಯವರು, ನಕ್ಕು ಸುಮ್ಮನಾದರು. ಆದರೆ ಅವರ ತಮ್ಮಂದಿರು, ಬಾಮೈದರು ಸುಮ್ಮನಾಗಲಿಲ್ಲ. ಮನೆಯಲ್ಲಿ ಯಾವ ಶುಭಕಾರ್ಯವಾದರೂ ಆ ಶಲ್ಯದ ಕಥೆ ಒಂದು ಸುತ್ತು ಬರಲೇಬೇಕು.

ಅಪ್ಪ ಎರಡನೆಯ ಸಲ ಬಂದು ಹೋದ ಮೇಲೆ ನಾವು ಹೊಸ ಮನೆ ಕಟ್ಟಿದೆವು. ಗೃಹಪ್ರವೇಶಕ್ಕೆ ಅಪ್ಪ ಅಮ್ಮ ಇಬ್ಬರೂ ಬೆಳಗಿನ ಬಸ್ಸಿಗೇ ಹೊರಟರು. ಅರ್ಧ ದಾರಿ ದಾಟಿ ತೆರಕಣಾಂಬಿಗೆ ಬಂದಾಗ ಅಪ್ಪ ಇಳಿದು, ಟೀ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟರು. ಅಮ್ಮ ಎಷ್ಟು ಕರೆದರೂ ಏಳಲಿಲ್ಲ. ಕೊನೆಗೆ ಅಮ್ಮ ಒಬ್ಬಳೇ ತಟ್ಟೆ, ಸೀರೆ, ಹೂವಿನ ಚೀಲ ಹಿಡಿದು ಬಂದಳು. ಅಪ್ಪ ಎಲ್ಲಿ ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಹೇಳಿ ನನ್ನ ಗಂಟಲೊಣಗಿತು. ಹಾಲು ಉಕ್ಕಿಸುವಾಗ ನನಗೆ ಅಳು ಬಂತು. ಹೊಗೆಯ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

ಈಗ ರೈಲಿನ ವಿಷಯಕ್ಕೆ ಬರುತ್ತೇನೆ. ಅಪ್ಪ ನಿವೃತ್ತರಾದಾಗ ಜೊತೆಯವರು ಬೆಳ್ಳಿ ಲೋಟದ ಬದಲು ಒಂದು ಆಟದ ರೈಲು ಕೊಟ್ಟರು. ಕರೆಂಟಿನಲ್ಲಿ ಓಡುವ ನಿಜವಾದ ಪುಟ್ಟ ಎಂಜಿನ್ನು, ಅದಕ್ಕೆ ಪುಟ್ಟ ಕಂಬಿ. ಪ್ಲಗ್ಗಿಗೆ ಸಿಕ್ಕಿಸುವ ಒಂದು ಡಬ್ಬಿಯಿಂದ ಹನ್ನೆರಡು ವೋಲ್ಟು ಕಂಬಿಗೆ ಹರಿಯುತ್ತದೆ, ಎಂಜಿನ್ನು ಗಾಲಿಯಿಂದಲೇ ಅದನ್ನು ಕುಡಿದು ಓಡುತ್ತದೆ. ತಮಾಷೆಗೆ ಕೊಟ್ಟದ್ದನ್ನು ಅಪ್ಪ ತಪಸ್ಸು ಮಾಡಿಕೊಂಡರು. ತರಿಸಿದ ಕಂಬಿಗೆ ಲೆಕ್ಕವಿಲ್ಲ. ಎಣ್ಣೆ ಡಬ್ಬದ ತಗಡು ಕತ್ತರಿಸಿ ಬೋಗಿ ಮಾಡಿ, ಒಂದೊಂದು ಬೋಗಿಗೂ ಒಂದೊಂದು ದೀಪ ಇಟ್ಟರು. ನಡುಮನೆಯ ಗೋಡೆಗೆ ಸೊಂಟದೆತ್ತರಕ್ಕೆ ಹಲಗೆ ಹೊಡೆದರು. ಹಲಗೆ ಬಾಗಿಲು ದಾಟಿ ಪಡಸಾಲೆಗೆ ಬಂತು, ಅಲ್ಲಿಂದ ತಿರುಗಿ ನನ್ನ ಹಳೆಯ ಕೋಣೆಗೆ ನುಗ್ಗಿತು. ನಡುಮನೆಯಲ್ಲಿ ಚಾಮರಾಜನಗರ, ಪಡಸಾಲೆಯಲ್ಲಿ ತೆರಕಣಾಂಬಿ, ನನ್ನ ಕೋಣೆಯಲ್ಲಿ ಗುಂಡ್ಲುಪೇಟೆ. ಸರ್ಕಾರ ಹಾಕದ ದಾರಿಯನ್ನು ನಮ್ಮಪ್ಪ ಮನೆಯೊಳಗೆ ಹಾಕಿದರು. ಅಮ್ಮ ಗಂಗಾಂಬಿಕೆ ಬಿಸಿಲು ಬೀಳುವ ಜಾಗ ಅದೊಂದೇ ಎಂದು ತೆರಕಣಾಂಬಿಯ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು.

ಗುಂಡ್ಲುಪೇಟೆಯ ಸ್ಟೇಷನ್ ಕಟ್ಟಿ, ಕಂಬಿಯ ಕರೆಂಟಿನಿಂದಲೇ ಅದಕ್ಕೊಂದು ದೀಪ ಹಚ್ಚಿ ಅಪ್ಪ ನನಗೆ ತೋರಿಸಿದ ದಿನ ನನಗೆ ಖುಷಿಯಾಗುವ ಬದಲು ಸಿಟ್ಟು ಬಂತು. ತಗಡಿನ ಗುಂಡ್ಲುಪೇಟೆಗೆ ಇಷ್ಟೆಲ್ಲ ಉಪಚಾರ, ನಾನಿರುವ ಗುಂಡ್ಲುಪೇಟೆ ಬೇಡ. ಅಲ್ಲೇ ಕೇಳಿಬಿಟ್ಟೆ.

“ನಿಮ್ ರೈಲು ಈ ಸ್ಟೇಷನ್‌ಗೆ ಬಂದ್ ನಿಂತ ದಿನ ನೀವೂ ನಮ್ಮನೆಗ್ ಬರ್ಬೇಕು ಅಪ್ಪಾಜಿ. ಆಯ್ತಾ?”

ಕೈಯಲ್ಲಿ ಎಂಜಿನ್ ಹಿಡಿದಿದ್ದ ಮನುಷ್ಯನಿಗೆ ಧೈರ್ಯಕ್ಕೇನು ಕಡಿಮೆ? “ಆಯ್ತು ಕಣಮ್ಮಿ, ಬತ್ತೀನಿ,” ಎಂದರು. ಅಮ್ಮ ಸಾಕ್ಷಿ.

ರೈಲು ಹೊರಟಿತು. ನಡುಮನೆಯಲ್ಲಿ ಜೋರಾಗಿ ಓಡಿತು. ಬಾಗಿಲು ದಾಟುವಾಗ ವೇಗ ತಗ್ಗಿತು. ತೆರಕಣಾಂಬಿಯಲ್ಲಿ ಒಂದು ಸಲ ಗುರುಗುಟ್ಟಿ ನಿಂತಿತು. ಹಿಂದಿನಿಂದ ಬೆರಳಲ್ಲಿ ನೂಕಿದರೆ ಒಂದು ಗೇಣು ಹೋಗಿ ಮತ್ತೆ ನಿಂತಿತು. ಗೃಹಪ್ರವೇಶದ ದಿನ ಅಪ್ಪ ಇಳಿದು ಕೂತ ಊರೇ ಆಗಬೇಕೇ ಅದು? ನಾನು ಅಪ್ಪನ ಮುಖ ನೋಡಿದೆ. ಅಪ್ಪ ಸೂರು ನೋಡುತ್ತಿದ್ದರು.

ನನ್ನ ಗಂಡ ರಾಜಶೇಖರ್‌ಗೆ ಗುಂಡ್ಲುಪೇಟೆಯಲ್ಲಿ ಪಂಪ್‌ಸೆಟ್ ಮತ್ತು ವೈರಿನ ಅಂಗಡಿ. ಮೋಟರು ಎಷ್ಟು ಎಚ್.ಪಿ., ಬಾವಿ ಎಷ್ಟು ದೂರ, ಇಷ್ಟು ಹೇಳಿದರೆ ಸಾಕು, ಕಣ್ಣು ಮಿಟುಕಿಸದೆ ನಾಲ್ಕು ಎಂ.ಎಂ., ಆರು ಎಂ.ಎಂ. ಎಂದು ವೈರು ಅಳೆದು ಕೊಡುತ್ತಾರೆ. ನಮ್ಮಪ್ಪನ ರೈಲಿಗೂ ವೈರು ಕೊಟ್ಟವರು ಅವರೇ. ಡಬ್ಬಿಯಿಂದ ಹೊರಟು ಹಲಗೆಯ ಕೆಳಗೆ ಉದ್ದಕ್ಕೂ ಸಾಗಿ ಗುಂಡ್ಲುಪೇಟೆಯ ಕಂಬಿ ಮುಟ್ಟುವ ಜೋಡಿ ವೈರು. ಎಂಜಿನ್ನನ್ನು ಅಂಗೈ ಮೇಲಿಟ್ಟು ತೂಗಿ ನೋಡಿ, ಇದರ ಎಚ್.ಪಿ. ಹುಡುಕಲು ಭೂತಕನ್ನಡಿ ಬೇಕು ಎಂದು ನಕ್ಕು, ಮದುವೆ ಮನೆಗೆ ಹಾಕುವ ಸೀರಿಯಲ್ ಸೆಟ್ ದೀಪದ ವೈರು ಅಂಗಡಿಯಲ್ಲಿ ಉಳಿದಿದ್ದನ್ನು ಸುರುಳಿ ಸುತ್ತಿ ತಂದಿದ್ದರು. ದಾರದಷ್ಟು ದಪ್ಪ. ಆಟದ ಸಾಮಾನಿಗೆ ಇದೇ ಹೆಚ್ಚಾಯಿತು ಎಂದಿದ್ದರು.

ರೈಲು ನಿಂತ ಸುದ್ದಿ ತಿಳಿದಾಗ ಅವರು ವೈರಿನ ಬಗ್ಗೆ ಯೋಚಿಸಲೂ ಇಲ್ಲ. ಕರೆಂಟು ಸಾಲದು ಎಂದರು. ನಮ್ಮ ಕಡೆಯವರ ಗುಣವೇ ಇದು. ಮೋಟರು ನೀರೆತ್ತದಿದ್ದರೆ ಎಲ್ಲರೂ ಮೊದಲು ತಲೆಯೆತ್ತಿ ಟ್ರಾನ್ಸ್‌ಫಾರ್ಮರ್ ಹೊತ್ತ ಟಿ.ಸಿ. ಕಂಬ ನೋಡುತ್ತಾರೆ, ಆಮೇಲೆ ಲೈನ್‌ಮನ್‌ಗೆ ಫೋನು ಮಾಡಿ ಬೈಯುತ್ತಾರೆ. ಕಾಲಡಿಯ ವೈರು ಯಾರ ಕಣ್ಣಿಗೂ ಬೀಳುವುದಿಲ್ಲ. ಲೈನಿನ ಕೊನೆಯಲ್ಲಿ ತೋಟವಿರುವವರ ನಡುವೆ ಅಂಗಡಿ ಇಟ್ಟುಕೊಂಡು ನನ್ನ ಗಂಡನಿಗೂ ಅದೇ ಅಭ್ಯಾಸ ಹತ್ತಿದೆ. ಭಾನುವಾರ ಅಂಗಡಿ ಮುಚ್ಚಿ ಹದಿನೆಂಟು ವೋಲ್ಟಿನ ದೊಡ್ಡ ಡಬ್ಬಿ ಹಿಡಿದು ನನ್ನ ಜೊತೆ ಚಾಮರಾಜನಗರಕ್ಕೆ ಬಂದರು.

ಗುಂಡಿ ತಿರುಗಿಸಿದ್ದೇ ತಡ, ರೈಲು ಚಾಮರಾಜನಗರದಿಂದ ಬಾಣ ಬಿಟ್ಟಂತೆ ಹೊರಟು, ನಡುಮನೆಯ ಮೊದಲ ತಿರುವಿನಲ್ಲೇ ಕಂಬಿ ಬಿಟ್ಟು ಹಾರಿ ಅಮ್ಮನ ಮೊರದೊಳಗೆ ಬಿತ್ತು. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಅಪ್ಪ ಗಾಬರಿಯಿಂದ ಓಡಿ ಎಂಜಿನ್ ಎತ್ತಿಕೊಂಡು ಗಾಲಿ ಒರೆಸಿದರು. ಇಂಥ ಓಟ ಓಡಿಸಿದ ಡ್ರೈವರನ್ನು ತಮ್ಮ ಕಾಲದಲ್ಲಾದರೆ ಅವತ್ತೇ ಸಸ್ಪೆಂಡ್ ಮಾಡುತ್ತಿದ್ದರು ಎಂದು ಅಳಿಯನ ಕಡೆ ನೋಡದೆಯೇ ಹೇಳಿದರು.

ನನ್ನ ಗಂಡ ಸೋಲೊಪ್ಪುವ ಕುಳವಲ್ಲ. ಹಳೆಯ ಡಬ್ಬಿಯನ್ನೇ ಹಾಕಿ, ರೈಲನ್ನು ಕಂಬಿಯಿಂದ ಎತ್ತಿ ಬದಿಗಿಟ್ಟು, ಮೀಟರು ಹಿಡಿದು ಅಳೆದರು. ಚಾಮರಾಜನಗರದಲ್ಲಿ ಹನ್ನೆರಡು ತೋರಿಸಿತು. ಗುಂಡ್ಲುಪೇಟೆಯಲ್ಲಿ ಕೂದಲೆಳೆಯಷ್ಟೇ ಕಡಿಮೆ. ನೋಡಿ, ವೈರಿನಲ್ಲಿ ದೋಷವಿಲ್ಲ, ಎಂಜಿನ್ನಿಗೇ ವಯಸ್ಸಾಗಿದೆ ಎಂದು ತೀರ್ಪು ಕೊಟ್ಟು ಮೀಟರು ಚೀಲಕ್ಕೆ ಹಾಕಿದರು. ಅಪ್ಪ ತಲೆಯಾಡಿಸಿದರು. ಆ ತಲೆಯಾಡಿಸುವುದರಲ್ಲಿ ದುಃಖಕ್ಕಿಂತ ನಿರಾಳವೇ ಹೆಚ್ಚಿತ್ತು ಎಂದು ನನಗನ್ನಿಸಿತು. ಸಂಜೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಬರುವಾಗ ದಾರಿಯುದ್ದಕ್ಕೂ ನಾನು ಗಂಡನ ಜೊತೆ ಮಾತಾಡಲಿಲ್ಲ. ಸಿಟ್ಟು ಅಪ್ಪನ ಮೇಲೆ, ಆದರೆ ಪಕ್ಕದಲ್ಲಿ ಸಿಕ್ಕವರು ಇವರು.

ಆ ವಾರದಲ್ಲೇ ಭೀಮನಬೀಡಿನ ಪುಟ್ಟಮಾದು ಅಂಗಡಿಗೆ ಬಂದ. ನಮ್ಮ ಹಳೆಯ ಗಿರಾಕಿ. ಮೋಟರು ತಿಣುಕುತ್ತದೆ, ನೀರು ಬರುವುದಿಲ್ಲ, ಟಿ.ಸಿ.ಯಲ್ಲೇ ಕರೆಂಟಿಲ್ಲ ಎಂದು ಅವನ ದೂರು. ನಾನು ಒಳಗೆ ಬಿಲ್ಲು ಬರೆಯುತ್ತಿದ್ದೆ. ಪಂಪಿನ ಮನೆಯ ಬಲ್ಬು ಹೇಗೆ ಉರಿಯುತ್ತದೆ ಎಂದು ನನ್ನ ಗಂಡ ಕೇಳಿದರು. ಸುಮ್ಮನಿದ್ದಾಗ ಝಗ್ಗನೆ ಉರಿಯುತ್ತದೆ, ಮೋಟರು ಹಾಕಿದ ತಕ್ಷಣ ಮಂಕಾಗುತ್ತದೆ ಎಂದ ಪುಟ್ಟಮಾದು. ಶುರುವಾಯಿತು ನನ್ನ ಗಂಡನ ಪ್ರವಚನ. ಟಿ.ಸಿ. ಬೈದು ಏನು ಫಲ, ನೀನು ಅಷ್ಟು ದೂರಕ್ಕೆ ಸಣ್ಣ ವೈರು ಎಳೆದಿದ್ದೀಯ, ಸುಮ್ಮನಿದ್ದಾಗ ಕರೆಂಟು ಸರಿಯಾಗಿಯೇ ಕಾಣುತ್ತದೆ, ಲೋಡು ಬಿದ್ದಾಗ ವೈರೇ ದಾರಿಯಲ್ಲಿ ನುಂಗಿಬಿಡುತ್ತದೆ, ಮೋಟರು ಹಾಕದೆ ಅಳೆದರೆ ಯಾವ ಮೀಟರೂ ಅದನ್ನು ಹೇಳುವುದಿಲ್ಲ.

ನಾನು ಪೆನ್ನು ಕೆಳಗಿಟ್ಟೆ. ಅಪ್ಪನ ಗುಂಡ್ಲುಪೇಟೆ ಸ್ಟೇಷನ್ನಿನ ದೀಪ ಕಣ್ಣ ಮುಂದೆ ಬಂತು. ರೈಲು ಹತ್ತಿರ ಬಂದಷ್ಟೂ ಅದು ಮಂಕಾಗುತ್ತಿತ್ತು, ರೈಲನ್ನು ಎತ್ತಿಟ್ಟರೆ ಮತ್ತೆ ಝಗ್ಗನೆ ಉರಿಯುತ್ತಿತ್ತು. ರೈಲು ನೋಡಿ ಗುಂಡ್ಲುಪೇಟೆ ಹೆದರಿಕೊಳ್ಳುತ್ತದೆ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ನಾವೆಲ್ಲ ನಕ್ಕು ಸುಮ್ಮನಾಗಿದ್ದೆವು.

ಪುಟ್ಟಮಾದು ವೈರು ಹೊತ್ತು ಹೋದ ಮೇಲೆ ನಾನು ಹೊರಗೆ ಬಂದು, ರೈಲನ್ನು ಎತ್ತಿಟ್ಟು ಅಳೆದ ಮೇಷ್ಟ್ರು ಯಾರು ಎಂದು ಕೇಳಿದೆ. ನನ್ನ ಗಂಡ ಮೊದಲು ನಕ್ಕರು. ಆಟದ ಸಾಮಾನಿಗೂ ಹೊಲದ ಮೋಟರಿಗೂ ಎಲ್ಲಿಯ ಹೋಲಿಕೆ ಎಂದರು. ಆಮೇಲೆ ನಗು ನಿಂತಿತು. ಮೀಟರನ್ನು ತಾವೇ ತೆಗೆದು ಚೀಲಕ್ಕೆ ಹಾಕಿಕೊಂಡರು.

ಮುಂದಿನ ಭಾನುವಾರ ರೈಲು ಓಡುತ್ತಿರುವಾಗಲೇ ಅಳೆದೆವು. ಹೊರಟಾಗ ಹನ್ನೆರಡು. ತೆರಕಣಾಂಬಿಗೆ ಬಂದು ಗುರುಗುಟ್ಟುವಾಗ ಅಲ್ಲಿಯ ಕಂಬಿಯಲ್ಲಿ ಏಳು. ಐದು ವೋಲ್ಟು ಆ ದಾರದಂಥ ವೈರಿನ ಹೊಟ್ಟೆಗೆ ಹೋಗಿತ್ತು. ನನ್ನ ಗಂಡ ಕುಕ್ಕರಗಾಲಲ್ಲಿ ಕೂತು ಮೀಟರನ್ನೇ ನೋಡುತ್ತಿದ್ದರು. ಮನೆಯ ಕರೆಂಟಿನ ಇನ್ನೂರ ಮೂವತ್ತರಲ್ಲಿ ಐದು ವೋಲ್ಟು ಕಳೆದರೆ ಯಾರಿಗೂ ಗೊತ್ತಾಗುವುದಿಲ್ಲ, ಇದ್ದದ್ದೇ ಹನ್ನೆರಡರಲ್ಲಿ ಐದು ಕಳೆದರೆ ಉಳಿಯುವುದೇನು ಎಂದು ಮೆಲ್ಲಗೆ ತಮಗೇ ಹೇಳಿಕೊಂಡರು. ಸಣ್ಣ ಕರೆಂಟಿಗೆ ಸಣ್ಣ ವೈರು ಸಾಕು ಎಂದು ನಾವು ತಿಳಿದದ್ದೇ ತಪ್ಪಾಗಿತ್ತು. ವೋಲ್ಟು ಕಡಿಮೆಯಿದ್ದು ದಾರಿ ಉದ್ದವಾದರೆ ವೈರು ದಪ್ಪವೇ ಇರಬೇಕು. ಎದ್ದು ಹೋಗಿ ಚೀಲದಿಂದ ಎರಡೂವರೆ ಎಂ.ಎಂ. ವೈರಿನ ಸುರುಳಿ ತೆಗೆದರು, ಕೆಂಪು ಒಂದು, ಕಪ್ಪು ಒಂದು. ಮನೆಯಲ್ಲಿ ಗೀಸರಿಗೆ ಹಾಕುವ ವೈರು. ಇದನ್ನು ಹಲಗೆಯ ಕೆಳಗೆ ಉದ್ದಕ್ಕೂ ಎಳೆದು, ಮಾರು ದೂರಕ್ಕೊಂದು ಕಡೆ ಅದರಿಂದ ಕಂಬಿಗೆ ಕರೆಂಟು ಕೊಟ್ಟರೆ ರೈಲು ಗುಂಡ್ಲುಪೇಟೆಯೇನು, ಊಟಿಗೂ ಹೋಗುತ್ತದೆ ಎಂದರು.

“ಬ್ಯಾಡ ಅಳಿಯಂದ್ರೆ,” ಎಂದರು ಅಪ್ಪ. “ಇರೋದೇ ಸಾಕು, ಬುಡಿ.”

ದಪ್ಪ ವೈರು ಹಲಗೆಗೆ ಅಂದವಲ್ಲ, ತೂತು ದೊಡ್ಡದಾಗುತ್ತದೆ, ನಿಮಗ್ಯಾಕೆ ಶ್ರಮ, ಹೀಗೆ ಏನೇನೋ ಹೇಳಿದರು. ನನ್ನ ಗಂಡ ಕೈಯಲ್ಲಿ ಸುರುಳಿ ಹಿಡಿದು ಪೆದ್ದರಂತೆ ನಿಂತರು. ನನಗೆ ತಡೆಯಲಾಗಲಿಲ್ಲ. ರೈಲು ಅಲ್ಲಿಗೆ ಬರುವುದು ನಿಮಗೇ ಬೇಕಿಲ್ಲ, ತೆರಕಣಾಂಬಿಯಲ್ಲಿ ನಿಂತಾಗೆಲ್ಲ ನಿಮಗೆ ಒಳಗೊಳಗೇ ಖುಷಿ, ಮಗಳ ಮನೆಗಿಂತ ಬಸ್ಸಿನ ವಾಂತಿಯೇ ನಿಮಗೆ ದೊಡ್ಡದು ಎಂದೆಲ್ಲ ಅಂದುಬಿಟ್ಟೆ. ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಅಪ್ಪ ಎಂಜಿನ್ನನ್ನು ಎತ್ತಿ ಪಂಚೆಯ ತುದಿಯಿಂದ ಒರೆಸತೊಡಗಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

“ವಾಂತಿಗ ಎದ್ರಕಳನಲ್ಲ ಕಣಮ್ಮಿ,” ಎಂದರು ಕೊನೆಗೆ. “ಆ ಶಲ್ಯದ್ ಮಾತು ನಂಗೂ ಗೊತ್ತು. ಎಲ್ರೂ ನಗ್ತರೆ. ಸ್ಟೇಷನ್ನಲ್ಲಿ ನಾನ್ ಬಾವುಟ ಎತ್ತುದ್ರೆ ರೈಲೇ ನಿಲ್ತಿತ್ತು. ಅಲ್ಲಿಗ್ ಬಂದ್ರೆ ಬಾಯ್ ಮುಚ್ಕಂಡು ಬಚ್ಚಲ್‌ಗ್ ಓಡ್ಬೇಕು. ನಿನ್ ಗಂಡನ್ ಮನೇಲಿ ನಿನ್ ಅಪ್ಪ ಅಂದ್ರೆ ಇಷ್ಟೇನಾ ಅನ್ಕತರಲ್ಲ, ಅದ್ಕೆ.”

ಇಷ್ಟು ವರ್ಷ ಇದು ಹೊಟ್ಟೆಯ ವಿಷಯ ಎಂದುಕೊಂಡಿದ್ದೆ, ಮಾನದ ವಿಷಯವೆಂದು ಹೊಳೆದೇ ಇರಲಿಲ್ಲ. ಪಾಪ ಅನ್ನಿಸಿತು. ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ನಗುವವರು ವರ್ಷಕ್ಕೊಮ್ಮೆ ಬರುವವರು, ಮನೆ ನನ್ನದು, ಅಲ್ಲಿ ನೀವು ಬಂದಿಲ್ಲವಲ್ಲ ಎಂದು ದಿನಾ ಕೊರಗುವವಳು ನಾನು ಎಂದೆ. ಎಷ್ಟು ಸಲ ವಾಂತಿ ಮಾಡಿದರೂ ತೊಳೆಯುತ್ತೇನೆ, ನನಗೇನೂ ಅವಮಾನವಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟೆ. ಈ ಸಲ ನೆಪಕ್ಕೆ ಹೊಗೆಯೂ ಇರಲಿಲ್ಲ.

ಅಪ್ಪ ಎಂಜಿನ್ನನ್ನು ಚಾಮರಾಜನಗರ ಸ್ಟೇಷನ್ನಿನಲ್ಲಿ ನಿಲ್ಲಿಸಿದರು. ಅಳಿಯನ ಕೈಯಿಂದ ಕೆಂಪು ವೈರಿನ ಸುರುಳಿ ತೆಗೆದುಕೊಂಡರು. ಪಂಚೆ ಎತ್ತಿ ಕಟ್ಟಿ ಹಲಗೆಯ ಕೆಳಗೆ ನುಸುಳಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಟಿಂಗ್ ಪ್ಲೇಯರ್ ಕೇಳಿದರು.

ಸಂಜೆಯವರೆಗೆ ಮಾವ ಅಳಿಯ ಇಬ್ಬರೂ ಹಲಗೆಯ ಕೆಳಗೇ ಇದ್ದರು. ಊಟಕ್ಕೆ ಕರೆದರೆ ಕಾಲುಗಳು ಮಾತ್ರ ಅಲ್ಲಾಡುತ್ತಿದ್ದವು. ಒಂದು ಕಡೆ ಕೆಂಪಿಗೆ ಕಪ್ಪು ಸೇರಿಸಿ ಡಬ್ಬಿ ಬಂದ್ ಮಾಡಿದರು, ಯಾರು ಸೇರಿಸಿದ್ದು ಎಂದು ಚಿಕ್ಕ ಜಗಳವೂ ಆಯಿತು. ಎಲ್ಲ ಮುಗಿದ ಮೇಲೆ ಅಮ್ಮ ತೆರಕಣಾಂಬಿಯ ಮೇಲಿನ ಸಂಡಿಗೆ ಎತ್ತಿ ದಾರಿ ಮಾಡಿಕೊಟ್ಟಳು. ಅಪ್ಪ ಗುಂಡಿ ತಿರುಗಿಸಿದರು. ರೈಲು ನಡುಮನೆಯಲ್ಲಿ ಹೇಗೆ ಹೊರಟಿತೋ ಹಾಗೆಯೇ ಬಾಗಿಲು ದಾಟಿತು, ತೆರಕಣಾಂಬಿ ದಾಟಿತು, ನನ್ನ ಕೋಣೆಯೊಳಗೆ ತಿರುಗಿತು. ಗುಂಡ್ಲುಪೇಟೆಯ ದೀಪ ಒಂದಿಷ್ಟೂ ಮಂಕಾಗಲಿಲ್ಲ. ನನ್ನ ಗಂಡ ಚಪ್ಪಾಳೆ ಹೊಡೆದರು. ಅಪ್ಪ ಗುಂಡ್ಲುಪೇಟೆಯಲ್ಲಿ ನಿಂತ ರೈಲನ್ನು ನೋಡಿ, ಬುಧವಾರ ನಿಮ್ಮ ಮನೆಗೆ ಬರುತ್ತೇನೆ ಎಂದರು.

ಬುಧವಾರ ಬೆಳಿಗ್ಗೆ ಅಮ್ಮ ಫೋನು ಮಾಡಿ, ಅಪ್ಪ ನಿಂಬೆಹಣ್ಣು ಹಿಡಿದು ಒಬ್ಬರೇ ಹೊರಟರು, ಜೊತೆಗೆ ಬರುವುದು ಬೇಡವೆಂದರು ಎಂದಳು. ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಚಾಮರಾಜನಗರದ ಬಸ್ಸು ಬಂತು, ಅಪ್ಪ ಇರಲಿಲ್ಲ. ಇನ್ನೊಂದು ಬಂತು, ಮತ್ತೊಂದು ಬಂತು. ಅಪ್ಪ ಮೊಬೈಲನ್ನು ಮನೆಯಲ್ಲೇ ಬಿಟ್ಟಿದ್ದರು. ಮಧ್ಯಾಹ್ನ ದಾಟಿದ ಮೇಲೆ ನನಗೆ ಅರ್ಥವಾಯಿತು, ಮತ್ತೆ ಅದೇ ಟೀ ಅಂಗಡಿ, ಅದೇ ಕಲ್ಲು. ಮನೆಗೆ ಬಂದು, ಅವರಿಗೆಂದು ಮಾಡಿದ್ದ ಒಬ್ಬಟ್ಟನ್ನು ಮುಚ್ಚಿಟ್ಟು, ಊಟ ಮಾಡದೆ ಮಲಗಿದೆ. ಅಂಗಡಿಯಿಂದ ನನ್ನ ಗಂಡ ಫೋನು ಮಾಡಿದರೆ ಸರಿಯಾಗಿ ಮಾತೂ ಆಡಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬೀದಿಯಲ್ಲಿ ಯಾರೋ ಪಂಪ್‌ಸೆಟ್ ರಾಜಶೇಖರಪ್ಪನ ಮನೆ ಯಾವುದು ಎಂದು ಕೇಳುವುದು ಕೇಳಿಸಿತು. ಎದ್ದು ಹೊರಗೆ ಬಂದೆ. ಅಪ್ಪ ಗೇಟಿನ ಹೊರಗೆ ನಿಂತಿದ್ದರು. ಮುಖ ಸೋತಿತ್ತು, ಆದರೆ ಶರಟು ಶುಚಿಯಾಗಿತ್ತು. ಒಂದೇ ಬಸ್ಸಿನಲ್ಲಿ ಬಂದರೆ ಆಗುವುದಿಲ್ಲವೆಂದು, ಬಸ್ಸು ನಿಂತ ಒಂದೊಂದು ಊರಿನಲ್ಲೂ ಇಳಿದು, ಮರದ ಕೆಳಗೆ ಕೂತು ಹೊಟ್ಟೆ ತಣ್ಣಗಾಗುವವರೆಗೂ ಕಾದು, ಮುಂದಿನ ಬಸ್ಸು ಹತ್ತಿ ಬಂದಿದ್ದರು. ಒಂದು ಗಂಟೆಯ ದಾರಿಗೆ ಒಂದು ಹಗಲು ಹಿಡಿದಿತ್ತು.

“ತೆರಕಣಾಂಬೀಲೂ ಇಳ್ದೆ,” ಎಂದರು. “ಅಲ್ಲೇ ಟೀ ಕುಡ್ದೆ. ಊರ್‌ಗ್ ವಾಪಸ್ ಓಗೋ ಬಸ್ಸೇ ಮೊದ್ಲು ಬಂತು. ಬುಟ್ಬುಟ್ಟೆ.”

ನೀರು ಕೊಟ್ಟೆ, ಕುಡಿದರು. ಒಬ್ಬಟ್ಟು ಆಮೇಲೆ ತಿನ್ನುತ್ತೇನೆ ಎಂದರು. ಮೊದಲು ಮನೆ ನೋಡಬೇಕು ಎಂದು ಒಂದೊಂದೇ ಕೋಣೆಗೆ ಹೋದರು. ದೇವರ ಮನೆಯಲ್ಲಿ ಕೈಮುಗಿದರು. ಅಡುಗೆಮನೆಯ ಕಿಟಕಿಯಿಂದ ಹಿತ್ತಲು ನೋಡಿದರು. ನನ್ನ ಮಗಳ ಕೋಣೆಯ ಗೋಡೆಗೆ ಅವಳು ಬಳಿದ ಬಣ್ಣ ನೋಡಿ ನಕ್ಕರು. ನಾನು ಹಿಂದೆ ಹಿಂದೆಯೇ ಹೋದೆ. ಕೊನೆಗೆ ಜಗಲಿಗೆ ಬಂದು ಕೂತು, ಬಂದ ರಸ್ತೆಯ ಕಡೆ ನೋಡಿದರು.

“ಅತ್ರಾನೇ ಅದೆ ಕಣಮ್ಮಿ ನಿನ್ ಮನೆ,” ಎಂದರು. “ನಾನೇ ದೂರ ಮಾಡ್ಕಂಬುಟ್ಟಿದ್ದೆ.”

ಬೆಳಗಿನಿಂದ ಕೂಡಿಟ್ಟ ಬೈಗುಳ ಒಂದೂ ನೆನಪಾಗಲಿಲ್ಲ. ಅಪ್ಪನ ಚಪ್ಪಲಿ ಎತ್ತಿಕೊಂಡು ಹೋಗಿ ಒಳಕೋಣೆಯ ಮಂಚದ ಕೆಳಗೆ ಇಟ್ಟೆ, ನಾಳೆಯೇ ಹೊರಡುತ್ತೇನೆ ಎಂದರೆ ಹುಡುಕಿಕೊಳ್ಳಲಿ ಎಂದು.